ಮಂಜಿನಲ್ಲಿ ಹಾಕಿದ ಕೂ

ತಾಹಾ ಕಳಸದ ಕಾಲೇಜಿಗೂ ಪ್ರಶಾಂತ್ ಮೂಡಿಗೆರೆ ಕಾಲೇಜಿಗೂ ಸೇರಿದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಕೊಟ್ಟಿಗೆಹಾರದಿಂದ ಒಳಗಿರುವ ಅವರ ಊರಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಈಚೆ ದಂಡೆಗೆ ಬೆಳಗ್ಗೆ ಬರುವುದು ಕಳಸದ ಬಸ್ಸು, ಆಚೆ ದಂಡೆಗೆ ಮೂಡಿಗೆರೆಯದು. ಈಚೆ ತಾಹಾನ ಅಪ್ಪನ ಜೀಪು ರಿಪೇರಿ ಅಂಗಡಿ, ಆಚೆ ಪ್ರಶಾಂತನ ಅಪ್ಪ ಲೆಕ್ಕ ಬರೆಯುವ ರೈಟರಾಗಿರುವ ಕಾಫಿ ಎಸ್ಟೇಟು. ಯಾರ ಮನೆ ಮುಂದೆ ಯಾವ ಬಸ್ಸು ನಿಲ್ಲುತ್ತದೋ ಅವರಿಗೆ ಆ ಕಾಲೇಜು. ಇಷ್ಟಕ್ಕೇ ಹುಡುಗರು ಹಗೆಗಳಾಗಬೇಕೇ, ನೀವೇ ಹೇಳಿ!

ಆಗಲೇಬೇಕಂತೆ. ಕಳಸದ ಹುಡುಗರು ಇಳಿಜಾರು ಮೈದಾನದಲ್ಲಿ ಆಡಿ ಬೆಳೆದವರು, ಚೆಂಡನ್ನು ಎತ್ತಿ ದೂರ ಹೊಡೆಯುವುದೇ ಅವರ ಆಟ. ಮೂಡಿಗೆರೆಯವರದು ಸಮತಟ್ಟು ನೆಲ, ಕಾಲಲ್ಲೇ ಪಾಸು ಕೊಡುತ್ತಾ ನುಸುಳುತ್ತಾರೆ. ಇವರನ್ನು ಅವರು "ಕಾಡಿನೋರು" ಅನ್ನುತ್ತಾರೆ, ಅವರನ್ನು ಇವರು "ಪೇಟೆ ನಾಜೂಕಯ್ಯಗಳು" ಅನ್ನುತ್ತಾರೆ. ಫುಟ್‌ಬಾಲ್ ಫೈನಲ್ ಬಂತೆಂದರೆ ನೆಂಟರೊಳಗೇ ಮಾತು ನಿಲ್ಲುತ್ತದೆ.

ಆದರೆ ಇವರಿಬ್ಬರ ಗೆಳೆತನ ಈ ಎಲ್ಲಕ್ಕಿಂತ ಹಳೆಯದು. ಚಿಕ್ಕವರಿದ್ದಾಗ ಕಾಫಿ ಒಣಗಿಸುವ ಕಣದಲ್ಲಿ ಇಬ್ಬರೂ ಆಡುತ್ತಿದ್ದರು. ಚೆಂಡು ಅಂಚು ದಾಟಿದರೆ ಸೀದಾ ಕೆಳಗಿನ ತೋಟಕ್ಕೆ. ತೋಟದಲ್ಲಿ ಆನೆ ಇದ್ದರೂ ಇದ್ದೀತು. ಹಾಗಾಗಿ ಒಬ್ಬ ಇಳಿದರೆ ಇನ್ನೊಬ್ಬ ಮೇಲೆ ನಿಂತು ಕಾಯಬೇಕು, ಆನೆ ಕಂಡರೆ ಕೂ ಹಾಕಬೇಕು. ಒಂದು ಉದ್ದ, ಒಂದು ಮೋಟು. ಕೇಳಿಸಿದವನು ಯಾಕೆ ಏನು ಅಂತ ಕೇಳದೆ ದನಿ ಬಂದ ಕಡೆಗೆ ಓಡಿ ಬರಬೇಕು. ಸುಮ್ಮಸುಮ್ಮನೆ ಅದನ್ನು ಹಾಕಬಾರದು ಅಂತ ಇಬ್ಬರೂ ಆಣೆ ಮಾಡಿದ್ದರು. ಆ ಕೂ ಒಮ್ಮೆ ತಾಹಾನ ಜೀವ ಉಳಿಸಿತ್ತು. ಅಪ್ಪ ಅಮ್ಮನ ಮಾತನ್ನು ಬೇಕಾದರೆ ಮೀರಿಯಾನು, ಅದನ್ನು ಮಾತ್ರ ಮೀರನು.

ಈ ವರ್ಷ ಫೈನಲ್ ಮೂಡಿಗೆರೆಯಲ್ಲಿ ನಡೆಯಿತು. ತಾಹಾ ಕಳಸದ ಗೋಲ್‌ಕೀಪರ್, ಪ್ರಶಾಂತ್ ಮೂಡಿಗೆರೆಯ ಫಾರ್ವರ್ಡ್. ಯಾರಿಗೂ ಗೋಲಿಲ್ಲದೆ ಆಟ ಕೊನೆಗೆ ಬಂದಾಗ ಮಂಜು ಇಳಿಯಿತು. ಮಂಜಿಗೆಲ್ಲ ಆಟ ನಿಲ್ಲಿಸುವ ಪದ್ಧತಿ ಇಲ್ಲಿಲ್ಲ, ದನಿ ಹಿಡಿದೇ ಆಡುತ್ತಾರೆ. ಆಗ ಬಲಗಡೆಯ ಮೂಲೆಯಿಂದ ಕೂ ಬಂತು. ಒಂದು ಉದ್ದ, ಒಂದು ಮೋಟು.

ತಾಹಾ ಗೋಲು ಬಿಟ್ಟು ಓಡಿದ. ತಲೆಗೆ ಹೊಳೆಯುವ ಮೊದಲೇ ಕಾಲು ಓಡಿತ್ತು, ಏನು ಮಾಡುವುದು! ಮಂಜಿನೊಳಗಿಂದ ಎದುರಿಗೆ ಸಿಕ್ಕಿದ್ದು ಪ್ರಶಾಂತನ ಮುಖ, ಅದರಲ್ಲಿ ನಗು. ಹಿಂದಿನಿಂದ ಸೀಟಿ, ಕೇಕೆ. ಖಾಲಿ ಗೋಲಿಗೆ ಶಶಿಕಿರಣ್ ಅನ್ನುವ ಮೂಡಿಗೆರೆ ಹುಡುಗ ಚೆಂಡು ತಳ್ಳಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ತಾಹಾನ ಪಕ್ಕ ಯಾರೂ ಕೂರಲಿಲ್ಲ. "ದೋಸ್ತಿಗೆ ಮ್ಯಾಚು ದಾನ ಮಾಡಿ ಬಂದ" ಅಂದರು. ಕೂ ವಿಷಯ ಹೇಳಿದ್ದರೆ ಬಾಯಿ ಮುಚ್ಚುತ್ತಿದ್ದರು. ಆದರೆ ಹೇಳಿದರೆ ಪ್ರಶಾಂತನ ಮಾನ ಹೋಗುತ್ತದಲ್ಲ ಅಂತ ಈ ಪುಣ್ಯಾತ್ಮ ಸುಮ್ಮನಿದ್ದ. ಫೈನಲ್ ಕಪ್ ಕೈತಪ್ಪಿದ್ದಕ್ಕೆ ಅವನಿಗೆ ಬೇಜಾರಿತ್ತು, ನಿಜ. ಅದಕ್ಕಿಂತ ಹೆಚ್ಚು ನೋವಾದದ್ದು ಆ ಕೂ ಸುಳ್ಳಾಯಿತಲ್ಲ ಅಂತ. ಪ್ರಶಾಂತ್ ಫೋನು ಮಾಡಿದರೂ ತೆಗೆಯಲಿಲ್ಲ.

ಹೀಗೇ ಮಳೆಗಾಲ ಕಳೆಯಿತು. ಒಂದು ಸಂಜೆ ತಾಹಾ ಅಂಗಡಿ ಹಿಂದಿನ ದಿಬ್ಬದ ಮೇಲೆ ನಿಂತಿದ್ದ. ಪ್ರಶಾಂತ್ ಹಳ್ಳ ದಾಟಿ, ಕೆಳಗಿನ ತೋಟದ ಕಾಲುದಾರಿಯಲ್ಲಿ ಬರುತ್ತಿದ್ದ, ಬಹುಶಃ ಇವನನ್ನು ನೋಡಲೆಂದೇ. ಅವನ ಹಿಂದೆ, ಸಿಲ್ವರ್ ಓಕ್ ಮರಗಳ ಮರೆಯಲ್ಲಿ, ಆನೆ.

ಸಿಟ್ಟೆಲ್ಲ ಎತ್ತ ಹೋಯಿತೋ! ತಾಹಾ ಎದೆ ಬಿರಿಯುವಂತೆ ಕೂ ಹಾಕಿದ.

ಪ್ರಶಾಂತ್ ತಲೆಯೆತ್ತಿ ನೋಡಿದ. ನಕ್ಕ. "ಗೊತ್ತಾಯ್ತು ಬಿಡೋ ಮಾರಾಯ!" ಅಂತ ಕೈ ಬೀಸಿ, ಬೇಕೆಂದೇ ಅಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತ.

ಇನ್ನೊಮ್ಮೆ ಕೂ ಹಾಕಿದರೂ ಅವನು ಕದಲಲಿಲ್ಲ. ತಾಹಾ ದಿಬ್ಬ ಜಾರಿಕೊಂಡು ಇಳಿದ. ಕಾಫಿ ಗಿಡಗಳ ನಡುವೆ ಬಿದ್ದು ಎದ್ದು ಓಡಿ, ಅವನ ರಟ್ಟೆ ಹಿಡಿದು, ಮಾತಾಡದೆ ದರದರ ಎಳೆದುಕೊಂಡು ರಸ್ತೆಗೆ ಹತ್ತಿಸಿದ. ತಿರುಗಿ ನೋಡಿದರೆ ತೋಟದ ಮೇಲೆ ಮಂಜು ಕವಿದಿತ್ತು. ಒಂದು ಕಡ್ಡಿ ಮುರಿದ ಸದ್ದೂ ಇಲ್ಲ. ಆನೆ ಬಂದ ಹಾಗೇ ಹೋಗಿತ್ತು.

"ಆಹಾ, ಚೆನ್ನಾಗಿ ಓಡಿಸಿದೆ ಕಣೋ!" ಏದುಸಿರು ಬಿಡುತ್ತಾ ಪ್ರಶಾಂತ್ ನಗತೊಡಗಿದ. "ನಾನೊಂದು ಸಲ, ನೀನೊಂದು ಸಲ. ಸರಿಹೋಯ್ತಲ್ಲ? ಇನ್ನಾದ್ರೂ ಮಾತಾಡ್ತೀಯೇನೋ?"

"ಆನೆ ಇತ್ತು ಪ್ರಶಾಂತ."

"ಹೂಂ, ಇತ್ತು ಇತ್ತು. ನಾನು ಮಾಡಿದ್ದು ತಪ್ಪೇ, ಒಪ್ಪಿದೆ. ಈಗ ನೀನೂ ಸಾಕು ಮಾಡು."

"ನಿಜವಾಗ್ಲೂ ಇತ್ತು ಕಣೋ. ನಿನ್ನ ಹಿಂದೇನೇ."

ಪ್ರಶಾಂತ್ ಅವನ ಹೆಗಲ ಮೇಲೆ ಕೈ ಹಾಕಿದ. ಜಗಳ ಮುಗಿಯಿತೆಂಬ ಖುಷಿ ಅವನ ಮುಖದ ತುಂಬ ಇತ್ತು. ಇನ್ನು ತಾನು ಎಷ್ಟು ಗಂಟಲು ಹರಿದುಕೊಂಡರೂ ಇವನು ಓಡಿ ಬರುವುದಿಲ್ಲ ಎಂಬುದು ತಾಹಾನಿಗೆ ಆಗ ಖಾತ್ರಿಯಾಯಿತು. ರಸ್ತೆ ಬದಿಯ ಮೋರಿಗಟ್ಟೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

"ಅಯ್ಯೋ, ಇದೇನೋ ಮಾರಾಯ," ಪ್ರಶಾಂತ್ ಗಾಬರಿಯಾಗಿ ಪಕ್ಕದಲ್ಲಿ ಕೂತ. "ಒಂದು ಗೋಲಿಗೆ ಯಾರಾದ್ರೂ ಇಷ್ಟು ಅಳ್ತಾರೇನೋ?"