ಹನಗೋಡು, ಏಳನೇ ಧ್ವನಿ

"ಇದಕ್ಕೇನಂತೀರಮ್ಮ?" ಹೆಡ್‌ಫೋನಿನಲ್ಲಿ ನಂದಿತಾಳ ಧ್ವನಿ ಕೇಳಿತು.

"ಮೊರ ಅಂತೀವಿ. ಯಾಕವ್ವ, ನಿಮ್ ಮೈಸೂರಲ್ಲಿ ಇದ್ನ ಕಂಪ್ಯೂಟ್ರು ಅಂತೀರಾ?"

ಸುಕನ್ಯಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಮೇಜಿನ ಕೆಳಗಿದ್ದ ಪೆಡಲನ್ನು ಕಾಲಿನಿಂದ ಒತ್ತಿದಳು. ಧ್ವನಿ ಮೂರು ಸೆಕೆಂಡು ಹಿಂದಕ್ಕೆ ಹೋಗಿ ಅದೇ ಮಾತನ್ನು ಮತ್ತೆ ಹೇಳಿತು. ಅನುಮಾನವೇ ಇರಲಿಲ್ಲ.

"ಅಣ್ಣಾ, ಇದು ನಮ್ಮವ್ವ ಕಣಣ್ಣೋ!"

ಜೆರಾಕ್ಸ್ ಅಂಗಡಿಯ ಮಾಲೀಕ ಫಕ್ರುದ್ದೀನ್ ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದವನು ತಲೆಯೆತ್ತಿ ನಕ್ಕ. "ಹಂಗಾದ್ರೆ ನಿಮ್ಮವ್ವ ಫೇಮಸ್ ಆದ್ರು ಬುಡಮ್ಮ. ನಾಳೆಯಿಂದ ನೀನು ಅವ್ರ ಪಿಎ."

ನಂದಿತಾ ಮೈಸೂರಿನಲ್ಲಿ ಭಾಷಾವಿಜ್ಞಾನ ಓದುವ ಹುಡುಗಿ. ತಿಂಗಳ ಹಿಂದೆ ಹುಣಸೂರಿನ ಈ ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದವಳು, ಕೀಲಿಮಣೆ ನೋಡದೆಯೇ ಸರಸರನೆ ಟೈಪ್ ಮಾಡುತ್ತಿದ್ದ ಸುಕನ್ಯಳನ್ನು ಕಂಡು ಕೆಲಸ ಕೊಟ್ಟುಹೋಗಿದ್ದಳು. ತಾಲ್ಲೂಕಿನ ಇಪ್ಪತ್ತು ಹೆಂಗಸರ ಮಾತನ್ನು ಅವಳು ಸಣ್ಣದೊಂದು ರೆಕಾರ್ಡರಿನಲ್ಲಿ ಹಿಡಿದು ತಂದಿದ್ದಳು. ಅದನ್ನು ಕೇಳಿದ ಹಾಗೆಯೇ ಅಕ್ಷರಕ್ಕಿಳಿಸಬೇಕು. ಹೆಡ್‌ಫೋನು, ಪೆಡಲು, ಜೊತೆಗೊಂದು ಸಾಫ್ಟ್‌ವೇರ್. ಪರದೆಯ ಮೇಲೆ ಮಾತು ಹಸಿರು ಗುಡ್ಡಗಳ ಹಾಗೆ ಏಳುತ್ತ ಬೀಳುತ್ತ ಹೋಗುತ್ತದೆ. ಅದರ ಕೆಳಗೆ ಸುಕನ್ಯ ಬರೆಯುತ್ತಾಳೆ. ಯಾವ ಮಾತನ್ನೂ ತಿದ್ದಬಾರದು. ಸುಮ್ಮನಾದರೆ ಎಷ್ಟು ಸೆಕೆಂಡು ಎಂದು ಬರೆಯಬೇಕು. ನಕ್ಕರೆ ಕಂಸದೊಳಗೆ 'ನಗು' ಎಂದು ಹಾಕಬೇಕು. ಹೆಸರುಗಳಿಲ್ಲ. ಈ ಫೈಲಿನ ಮೇಲೆ ಇದ್ದದ್ದು 'ಹನಗೋಡು-೭, ಹೆಣ್ಣು, ೬೨' ಅಷ್ಟೇ.

ಹನ್ನೆರಡು ವರ್ಷದಿಂದ ಊರಿನವರ ಅರ್ಜಿಗಳನ್ನು ತಿದ್ದಿ ತಿದ್ದಿ ಟೈಪ್ ಮಾಡಿದ್ದ ಸುಕನ್ಯಳಿಗೆ, ತನ್ನ ತವರಿನ ಮಾತು ಇದ್ದ ಹಾಗೇ ಬೇಕೆನ್ನುವವರು ಸಿಕ್ಕಿದ್ದು ಹಿತವಾಗಿತ್ತು. ಹನಗೋಡಿನಲ್ಲಿ ಹೆಂಗಸರನ್ನು ಒಟ್ಟುಮಾಡಿಕೊಟ್ಟವಳು ಆಶಾ ಕಾರ್ಯಕರ್ತೆ ಪ್ರಮೀಳಾ. ಅವರಲ್ಲಿ ಸುಕನ್ಯಳ ತಾಯಿ ಚೆಲುವಮ್ಮನೂ ಇದ್ದಾಳೆಂದು ನಂದಿತಾಳಿಗೆ ಗೊತ್ತಿರಲಿಲ್ಲ. ಚೆಲುವಮ್ಮ ಮಾತ್ರ ಫೋನಿನಲ್ಲಿ, "ಯಾವ್ದೋ ಉಡ್ಗಿ ಬಂದಿತ್ತು. ಮೊರ, ಒನಕೆ ಎಲ್ಲ ಕೇಳ್ಕಂಡು ಕಾಪಿ ಕುಡ್ಕಂಡ್ ಓಯ್ತು" ಎಂದಿದ್ದಳು. ಆ ಹುಡುಗಿ ನಂದಿತಾಳೇ ಎಂದು ಸುಕನ್ಯಳಿಗೆ ಆಗ ಹೊಳೆದಿರಲಿಲ್ಲ.

ಇಪ್ಪತ್ತಮೂರನೇ ನಿಮಿಷದಲ್ಲಿ ನಂದಿತಾಳ ಕೊನೆಯ ಪ್ರಶ್ನೆ ಬಂತು. ಎಲ್ಲ ಫೈಲುಗಳಲ್ಲೂ ಇದ್ದದ್ದೇ. "ಜನ ಮೈಕ್ ಮರೆತು ಮಾತಾಡ್ಬೇಕು ಅಂದ್ರೆ ಇದನ್ನ ಕೇಳ್ಬೇಕು ಅಕ್ಕ, ನಮ್ಮ ಪಾಠದಲ್ಲೇ ಇದೆ" ಎಂದು ಅವಳು ವಿವರಿಸಿದ್ದಳು. ಉಳಿದವರು ಆನೆ ಅಟ್ಟಿಸಿಕೊಂಡು ಬಂದದ್ದನ್ನೋ, ಬಸ್ಸು ಮಗುಚಿದ್ದನ್ನೋ ಹೇಳಿದ್ದರು.

"ನಾನಿನ್ನು ಬದುಕಲ್ಲ ಅಂತ ನಿಮಗೆ ಯಾವತ್ತಾದ್ರೂ ಅನಿಸಿತ್ತಾ ಅಮ್ಮ?"

ಹಸಿರು ಗೆರೆ ಮಲಗಿಬಿಟ್ಟಿತು. ಮೌನ, ಆರು ಸೆಕೆಂಡು ಎಂದು ಸುಕನ್ಯ ಬರೆದಳು.

"ಇದ್ನ ಯಾರ್ ಕೇಳ್ತಾರವ್ವ?"

"ನಾವು ಓದೋರು ಅಷ್ಟೇ. ನಿಮ್ಮ ಹೆಸರೂ ಬರಲ್ಲ."

"ನಮ್ ಕಡೆಯೋರು?"

"ಯಾರೂ ಕೇಳಲ್ಲಮ್ಮ."

"ಆಪತ್ತು ಬಂದಿದ್ದು ನನ್ ಜೀವಕ್ಕಲ್ಲ ಕಣವ್ವ. ನನ್ ಮೂರ್ನೇ ಕೂಸಿಗೆ. ತಂದೋಳೂ ನಾನೇಯ."

ಮೂರನೆಯವಳು ಸುಕನ್ಯ. ಅವಳ ಕಾಲು ತಾನಾಗಿ ಪೆಡಲನ್ನು ಒತ್ತಿತು. ತಂದೋಳೂ ನಾನೇಯ. ಮತ್ತೆ ಒತ್ತಿತು. ತಂದೋಳೂ ನಾನೇಯ.

"ಎಲ್ಡು ಎಣ್ಣಾಗಿದ್ವು, ಮೂರ್ನೇದೂ ಎಣ್ಣೇ ಆಯ್ತು. ನಮ್ಮತ್ತೆ ಒಳೀಕೆ ಸೇರಿಸ್ನಿಲ್ಲ. ಬಾಣ್ತಿ ನಾನು ಕೊಟ್ಗೇಲಿ ಮನಗಿದ್ದೆ. ಒಂದಿನ ಮಟಮಟ ಮದ್ಯಾನ್ನ, ಎಲ್ಲಾರೂ ಗದ್ದೆಗ್ ಓಗಿದ್ರು, ಕೂಸ ಎತ್ಕಂಡು ಕಟ್ಟೆ ತಾವ್ಕೆ ಓದೆ. ನಾನ್ ಸಾಯಕ್ಕಲ್ಲ ಮಗ. ಅದ ಬುಟ್‌ಬರಕ್ಕೆ. ನೀರ್ಗೆ."

ಸುಕನ್ಯಳ ಬೆರಳುಗಳು ಟೈಪ್ ಮಾಡುತ್ತಲೇ ಇದ್ದವು. ನೀರ್ಗೆ ಎಂದು ಹೊಡೆದು ಪೂರ್ಣವಿರಾಮವನ್ನೂ ಇಟ್ಟವು.

"ಏನಂತಾರಮ್ಮ ನಿಮ್ಮವ್ವ? ಸಾರಿಗೆ ಉಪ್ಪು ಜಾಸ್ತಿ ಆಯ್ತಂತಾ?" ಎಂದ ಫಕ್ರುದ್ದೀನ್.

ಅವಳು ಅವನ ಕಡೆ ತಿರುಗಿ ನಕ್ಕಳು. ಹೇಗೆ ನಕ್ಕೆನೆಂದು ಅವಳಿಗೇ ತಿಳಿಯಲಿಲ್ಲ.

"ಮೊಣಕಾಲ್‌ಗಂಟ ಇಳ್ದಿದ್ದೆ. ಅದ್ಕೆ ಬಿಕ್ಕಳಿಕೆ ಬಂತು. ಕೂಸಿಗೆ ಬಿಕ್ಕಳಿಕೆ ಬಂದ್ರೆ ಬಟ್ಟೆ ಎಳೆ ಕಿತ್ತು ಅಣೆಗಿಡ್ತೀವಲ್ಲ? ನನ್ ಕೈ ಅದ್ರ ಪಾಡ್ಗೆ ಅದು ಸೆರಗಿಂದ ಒಂದೆಳೆ ಕಿತ್ತು, ಎಂಜ್ಲು ಮಾಡಿ, ಅಂಟಿಸ್‌ಬುಡ್ತು. ಎಳೆ ಇಟ್‌ಮ್ಯಾಕೆ ಎಂಗವ್ವ ಬುಡದು?"

ಆಮೇಲೊಂದು ನಗು. ಸುಕನ್ಯ ಕಂಸ ತೆರೆದಳು. ಖಚಿತ ಮಾಡಿಕೊಳ್ಳಲು ವೇಗವನ್ನು ಅರ್ಧಕ್ಕಿಳಿಸಿ ಕೇಳಿದಳು. ನಿಧಾನವಾಗಿ ಕೇಳಿದರೆ ಅದು ನಗುವಾಗಿರಲಿಲ್ಲ. ಕಂಸವನ್ನು ಖಾಲಿ ಬಿಟ್ಟಳು.

ಅಕ್ಕಂದಿರಿಬ್ಬರೂ ಬಟ್ಟೆ ಒಗೆಯಲು ಹೊಳೆಗೆ ಹೋಗುತ್ತಿದ್ದರು. ಸುಕನ್ಯ ಹೊರಟರೆ ಮಾತ್ರ ಅವ್ವ ಬಾಗಿಲಿಗೆ ಅಡ್ಡ ನಿಂತು, "ನೀ ಬ್ಯಾಡ" ಎನ್ನುತ್ತಿದ್ದಳು. "ಅವ್ವನ ಮುದ್ದಿನ ಗೊಂಬೆ, ನೀರು ತಾಗುದ್ರೆ ಕರಗೋಯ್ತದೆ" ಎಂದು ಅಕ್ಕಂದಿರು ಹಂಗಿಸಿದಾಗೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ. ಮೂವತ್ತೆಂಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಹೆಮ್ಮೆ ಅದು.

ಮೂರೂವರೆಗೆ ನಂದಿತಾಳ ಫೋನು ಬಂತು. "ಅಕ್ಕಾ, ಏಳನೇದು ಮುಗೀತಾ? ಸೋಮವಾರ ಕ್ಲಾಸಲ್ಲಿ ಅದನ್ನೇ ಕೇಳಿಸ್ತೀನಿ. ಎಷ್ಟು ಸಹಜವಾಗಿ ಮಾತಾಡಿದ್ದಾರೆ ಅಲ್ವಾ ಆ ಅಮ್ಮ! ನಮ್ಮ ಮೇಡಂ ಕುಣಿದಾಡಿಬಿಡ್ತಾರೆ."

"ಬ್ಯಾಡ ಕಣ್ರೀ."

"ಯಾಕಕ್ಕಾ? ಹೆಸರಿಲ್ವಲ್ಲ."

"ಆ ಕೂಸು ನಾನು."

ಅಭ್ಯಾಸಬಲದಿಂದ ಸುಕನ್ಯ ಎಣಿಸಿದಳು. ಒಂಬತ್ತು ಸೆಕೆಂಡು.

"ಅಕ್ಕಾ... ನಂಗೆ ಗೊತ್ತಿರ್ಲಿಲ್ಲ. ದೇವರಾಣೆ."

"ಯಾರೂ ಕೇಳಲ್ಲ ಅಂತ ಅವ್ವಂಗೆ ಮಾತು ಕೊಟ್ಟಿದ್ದೀರಿ."

"ಕೇಳಿಸಲ್ಲ ಅಕ್ಕ. ಅಳಿಸಿಬಿಡ್ಲಾ?"

ಸುಕನ್ಯ ಪರದೆ ನೋಡಿದಳು. ಗುಡ್ಡಗಳ ನಡುವೆ ಆ ಆರು ಸೆಕೆಂಡಿನ ಬಯಲು. ಒಂದು ಗುಂಡಿ ಒತ್ತಿದರೆ ಆಯಿತು.

"ಅಳಿಸ್‌ಬ್ಯಾಡಿ," ಎಂದಳು. "ಇರ್ಲಿ. ಯಾರ್ಗೂ ಕೇಳಿಸ್‌ಬ್ಯಾಡಿ ಅಷ್ಟೇ."

ಅಂಗಡಿಯ ಹಿಂದಿನ ಮೆಟ್ಟಿಲಿಗೆ ಹೋಗಿ ಕುಳಿತು ಹನಗೋಡಿಗೆ ಫೋನು ಮಾಡಿದಳು. ಏನು ಕೇಳಬೇಕೆಂದು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು.

"ಏನವ್ವ ಇಷ್ಟೊತ್ನಲ್ಲಿ? ಉಂಡ್ಯಾ?" ಎಂದಳು ಚೆಲುವಮ್ಮ.

ಸುಕನ್ಯ ಬಾಯಿ ತೆರೆದಳು. ಇಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಬಿಕ್ಕಳಿಕೆಯಾಗಿ ಹೊರಬಂತು. ಹಿಂದೆಯೇ ಇನ್ನೊಂದು.

"ಏನ್ಲೇ ಇದು, ಖಾರ ಉಂಡ್ಯಾ? ನೀರ್ ಕುಡಿ, ನೀರು..."

ಅಷ್ಟಕ್ಕೆ ಅವ್ವನ ಮಾತು ನಿಂತಿತು. ಬಸ್ ನಿಲ್ದಾಣದ ಕಡೆಯಿಂದ ಹಾರನ್ನು ಕೇಳಿಸಿ ಅಡಗಿತು. ಸುಕನ್ಯ ಮತ್ತೆ ಬಿಕ್ಕಿದಳು. ಈ ಸಲ ಅವಳು ಸೆಕೆಂಡು ಎಣಿಸಲಿಲ್ಲ.

"ಸುಕ್ಕಿ," ಎಂದಳು ಚೆಲುವಮ್ಮ, ಬಹಳ ಮೆಲ್ಲಗೆ. "ಸೀರೆ ಉಟ್ಟಿದ್ದೀಯಾ?"

"ಊಂ."

"ಒಂದೆಳೆ ಕಿತ್ಕ."

ಸುಕನ್ಯ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಸೆರಗಿನ ತುದಿಯನ್ನು ಹುಡುಕಿದಳು. ಪಾಲಿಯೆಸ್ಟರ್ ಸೀರೆ, ಎಳೆ ಸುಲಭಕ್ಕೆ ಬರಲಿಲ್ಲ. ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಅತ್ತ ಅವ್ವ ಫೋನಿಡದೆ ಕಾಯುತ್ತಿದ್ದಳು.