ಕೂವೆಯ ಮೇಲಿಂದ ಕಂಡದ್ದು

ನಗುತ್ತಿದ್ದಾಳೆ, ಮುಖ ಕಾಣುವುದಿಲ್ಲ, ನಮ್ಮ ಹಾಯಿದೋಣಿಯ ಕೂವೆಕಂಬದ ತುದಿಯಿಂದ ಕೆಳಗೆ ನೋಡಿದರೆ ಮಾಲತಿಯ ಬೈತಲೆ ಮಾತ್ರ, ಭುಜ ಕುಲುಕುತ್ತಿದೆ, ಅದರಿಂದ ಗೊತ್ತು, ಪಕ್ಕದಲ್ಲಿ ಯಜ್ಞೇಶನ ತಲೆ, ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಇದು ಅವಳಿಗೆ ಗೊತ್ತಿರಲಿಕ್ಕಿಲ್ಲ, ಅಷ್ಟು ಎತ್ತರದ ಆಳು, ಅವಳು ಯಾವಾಗಲೂ ಕೆಳಗಿನಿಂದಲೇ ನೋಡುವುದು — ಛೆ, ಏನು ಯೋಚನೆ ಇದು, ಕ್ಯಾನ್ವಾಸಿನ ಪಟ್ಟಿಯಲ್ಲಿ ಕೂತು ಇಕ್ಕಳ ಹಿಡಿದು ನೇತಾಡುತ್ತಿರುವವನಿಗೆ ಬೇಕಾದ ಯೋಚನೆಯೇ, ನನ್ನನ್ನು ಎತ್ತಿ ಹಿಡಿದ ಹಗ್ಗದ ಇನ್ನೊಂದು ತುದಿ ಅವರಿಬ್ಬರ ಕೈಯಲ್ಲಿದೆ, ಅವರು ನಗುತ್ತಿದ್ದಾರೆ. ಭದ್ರೆಯ ಹಿನ್ನೀರು ಇವತ್ತು ಅಲುಗುತ್ತಿಲ್ಲ, ಎನ್.ಆರ್. ಪುರದ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸುತ್ತದೆ, ಇಷ್ಟು ದೂರದ ಹಾರ್ನ್ ಕೇಳಿಸುತ್ತದೆ, ಕಾಲಡಿಯ ಮಾತು ಕೇಳಿಸುವುದಿಲ್ಲ. ಕಾಲೇಜಿನ ಮಾತಿರಬೇಕು, ಕೊಪ್ಪದ ಕಾಲೇಜು, ಇಬ್ಬರೂ ಒಂದೇ ಕ್ಲಾಸು, ಬಸರೀಕಟ್ಟೆಯಿಂದ ಒಂದೇ ಜೀಪಿನಲ್ಲಿ ಬರುತ್ತಿದ್ದರಂತೆ, ನಾನು ಆಗ ನನ್ನೂರು ಹಿರೇಕೊಡಿಗೆ ಬಿಟ್ಟು ಗೋವಾದಲ್ಲಿ ದೋಣಿಗಳ ತಳ ಉಜ್ಜುತ್ತಿದ್ದೆ, ಅವಳು ಹೇಗಿದ್ದಳು ಎಂದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಅವನಿಗೆ ಎಂತ ಮಾರಾಯ ಎನ್ನುತ್ತಾಳೆ, ನೀನು ಎನ್ನುತ್ತಾಳೆ, ನನಗೆ ರೀ, ನೀವು, ಏಕವಚನದಲ್ಲೇ ಕರೆ ಎಂದು ಎಷ್ಟು ಸಲ ಹೇಳಿದೆ, ಬಾಯಿಗೆ ಬರಲ್ಲ ಬಿಡಿ ಎನ್ನುತ್ತಾಳೆ.

ತಂತಿ ಸಿಕ್ಕಿಸಿದ ಪಿನ್ನು ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು ತಟ್ಟಬೇಕು, ಮೆಲ್ಲಗೆ, ಕೂವೆಯನ್ನು ಸುತ್ತಲಿಂದ ಎಳೆದು ನಿಲ್ಲಿಸಿರುವ ಉಕ್ಕಿನ ತಂತಿಗಳಲ್ಲಿ ಎಡಗಡೆಯದು ಹಾಳಾಗಿದೆ, ಹೊಸೆದ ಎಳೆಗಳಲ್ಲಿ ಒಂದು ಒಡೆದು ಮುಳ್ಳಿನ ಹಾಗೆ ಎದ್ದಿದೆ, ಒಂದು ಒಡೆದರೆ ಉಳಿದವೂ ಒಡೆಯುತ್ತವೆ, ಗಾಳಿಯಲ್ಲಿ ಕಂಬವೇ ಬೀಳುತ್ತದೆ. ನಾನು ದಿನಾ ಬೆಳಿಗ್ಗೆ ತಂತಿ ಮುಟ್ಟಿ ನೋಡುವವನು, ಕಾರವಾರದಿಂದ ಲಕ್ಷದ್ವೀಪದ ತನಕ ಈ ದೋಣಿಯನ್ನೇ ಮನೆ ಮಾಡಿಕೊಂಡು ಅವಳನ್ನು ಕರೆದುಕೊಂಡು ಹೋದವನು, ನನ್ನ ಕಣ್ಣಿಗೆ ಬೀಳಲಿಲ್ಲ, ಕಳೆದ ಭಾನುವಾರ ಚಕ್ಕುಲಿ ಡಬ್ಬಿ ಹಿಡಿದು ಬಂದ ಯಜ್ಞೇಶನ ಕಣ್ಣಿಗೆ ಬಿತ್ತು, ಇದೆಂತ ಇದು ಎಂದ, ಮಾಲತಿ ನನ್ನ ಕಡೆ ತಿರುಗಿ ಕಣ್ಣು ಅಂದ್ರೆ ಹೀಗಿರ್ಬೇಕು ನೋಡಿ ಎಂದಳು, ತಮಾಷೆಗೆ, ತಮಾಷೆಗೇ ಇರಬಹುದು, ನಾನೂ ನಕ್ಕೆ. ಮಳೆಗಾಲದಲ್ಲಿ ಕಡಲು ಬೇಡವೆಂದು ಲಾರಿಯ ಮೇಲೆ ದೋಣಿ ಹೇರಿಸಿ ಘಟ್ಟ ಹತ್ತಿಸಿದ್ದು ನಾನು, ನಿನ್ನ ಊರ ಹತ್ತಿರ ನಾಲ್ಕು ದಿನ ಇರೋಣ ಎಂದದ್ದೂ ನಾನೇ, ಈಗ ಹೊಸ ತಂತಿ ಹಾಕಿದ ಮೇಲೆ ಹೊರಡೋಣ ಎಂದರೆ ಇನ್ನೂ ಸ್ವಲ್ಪ ದಿನ ಇರೋಣ ರೀ ಎನ್ನುತ್ತಾಳೆ, ಯಾಕೆ, ಯಾರಿಗಾಗಿ — ಪಿನ್ನು ಬಂತು. ಹಳೆ ತಂತಿಯನ್ನು ದಾರ ಕಟ್ಟಿ ಕೆಳಗೆ ಬಿಟ್ಟೆ, ಹೊಸದನ್ನು ಎಳೆದುಕೊಂಡೆ, ಸಿಕ್ಕಿಸಿದೆ, ಪಿನ್ನು ಹಾಕಿದೆ, ಕೈ ತಾನಾಗಿ ಮಾಡುತ್ತದೆ, ಕಣ್ಣು ಕೆಳಗೇ, ಅವನ ಮೊಣಕೈ ಅವಳ ಮೊಣಕೈಗೆ ತಾಗುತ್ತಿದೆ, ಇಬ್ಬರು ಒಂದು ಹಗ್ಗ ಹಿಡಿದರೆ ತಾಗದೆ ಇನ್ನೇನು, ಆದರೂ ಕೂಗಿಬಿಟ್ಟೆ, ಯಜ್ಞೇಶ ಅವರೇ, ನೀವು ಆ ಕೊನೆಗೆ ಹೋಗಿ ಹಳೆ ತಂತಿ ಸುತ್ತಿಡಿ, ನನ್ನನ್ನು ಇವಳೊಬ್ಬಳೇ ಇಳಿಸ್ತಾಳೆ. ಅವನು ತಲೆಯೆತ್ತಿ ನೋಡಿದ, ಒಬ್ಳಿಗೆ ಭಾರ ಆಗಲ್ವಾ ಎಂದ, ಸಮುದ್ರದಲ್ಲಿ ಒಬ್ಬಳೇ ಇಳಿಸಿದ್ದಾಳೆ ಎಂದೆ, ಸುಳ್ಳು, ಸಮುದ್ರದಲ್ಲಿ ಅವಳು ಯಾವತ್ತೂ ನನ್ನನ್ನು ಒಬ್ಬಳೇ ಇಳಿಸಿಲ್ಲ, ಅವಳಿಗೂ ಅದು ಗೊತ್ತು, ಅವಳು ಹಗ್ಗ ಬಿಗಿಯಾಗಿ ಹಿಡಿದಳು, ಅವನು ಹೋದ.

ಇಳಿಯುತ್ತಿದ್ದೇನೆ, ಗೇಣು ಗೇಣಾಗಿ, ಹಗ್ಗ ಎಳೆಯುವ ವಿಂಚಿನ ಉರುಳೆಯ ಮೇಲೆ ಹಗ್ಗದ ಸುತ್ತು ಒಂದರ ಮೇಲೊಂದು ಹತ್ತಿ ಸಿಕ್ಕಿಕೊಂಡಿದೆ, ಅವಳು ಬಿಡಿಸುತ್ತಿದ್ದಾಳೆ, ಬೇಡ ಮುಟ್ಟಬೇಡ ಎನ್ನಬೇಕು, ಎನ್ನುವಷ್ಟರಲ್ಲಿ ಆಕಾಶ ಮೇಲಕ್ಕೆ ಹಾರಿತು, ಕೂವೆ ಕಣ್ಣ ಮುಂದೆ ಬಿಳಿ ಗೆರೆಯಾಗಿ ಓಡಿತು, ಆಮೇಲೆ ಸೊಂಟ ಮುರಿಯುವ ಹಾಗೆ ಒಂದು ಜಗ್ಗು, ನಿಂತೆ, ದೋಣಿಯ ಅಟ್ಟಣೆ ಕಾಲಿಗೆ ಎಟುಕುವಷ್ಟರಲ್ಲಿ ನಿಂತೆ, ಬದುಕಿದ್ದೇನೆ. ಅವಳು ಹಗ್ಗ ಬಿಟ್ಟಿರಲಿಲ್ಲ. ಓಡುತ್ತಿದ್ದ ಹಗ್ಗವನ್ನು ಬರಿಗೈಯಲ್ಲಿ ಹಿಡಿದಿದ್ದಳು, ಕಾಲನ್ನು ವಿಂಚಿಗೆ ಒತ್ತಿ, ಹಲ್ಲು ಕಚ್ಚಿ, ನಾನು ಪಟ್ಟಿ ಬಿಚ್ಚಿಕೊಂಡು ನಿಂತ ಮೇಲೂ ಬಿಟ್ಟಿರಲಿಲ್ಲ, ಬಿಡು ಮಾಲತಿ ಎಂದೆ, ಬೆರಳು ಬಿಡಿಸಲಿಕ್ಕೆ ಅವಳಿಗೇ ಆಗುತ್ತಿರಲಿಲ್ಲ, ಅಂಗೈಯ ಚರ್ಮ ಹಗ್ಗಕ್ಕೆ ಅಂಟಿ ಹೋಗಿತ್ತು. ನಿಮಗೇನೂ ಆಗಿಲ್ಲ ಅಲ್ವಾ ಎಂದಳು. ಇಲ್ಲ ಎಂದೆ. ಅಷ್ಟೇ ಎಂದೆ, ಅವಳ ಕೈ ಹಿಡಿಯಬೇಕಿತ್ತು, ಯಜ್ಞೇಶನನ್ನು ನಾನು ಕಳಿಸಿದ್ದರಿಂದ ಹೀಗಾಯಿತು ಎನ್ನಬೇಕಿತ್ತು, ಅಷ್ಟರಲ್ಲಿ ಅವನು ಓಡಿ ಬಂದ, ಏನನ್ನೂ ಕೇಳಲಿಲ್ಲ, ನನ್ನನ್ನು ಬೈಯಲೂ ಇಲ್ಲ, ಹೆಗಲ ಮೇಲಿದ್ದ ಬಿಳಿ ಟವೆಲ್ ನೀರಿಗದ್ದಿ ಹಿಂಡಿ ಅವಳ ಕೈಗೆ ಸುತ್ತಿದ, ಮಣಿಕಟ್ಟಿನ ಹತ್ತಿರ ಗಂಟು ಹಾಕಿದ, ಸುಮ್ನಿರು, ಸುಮ್ನಿರು ಎನ್ನುತ್ತ, ಎಷ್ಟು ಮೆತ್ತಗೆ ಹಾಕಿದ. ಈಗ ಆಸ್ಪತ್ರೆಗೆ ಹೋಗಬೇಕು, ಸಣ್ಣ ದೋಣಿಯಲ್ಲಿ ದಡಕ್ಕೆ ಹುಟ್ಟು ಹಾಕುತ್ತಿದ್ದೇನೆ, ಅವಳು ಎದುರಿಗೆ ಕೂತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ನನ್ನ ಜೀವ ಹಿಡಿದ ಕೈ ಅದು, ಅದನ್ನೇ ನೋಡಬೇಕು, ಅದನ್ನೇ ನೋಡುತ್ತೇನೆ ಎಂದುಕೊಳ್ಳುತ್ತೇನೆ, ಕೈ ಕಾಣುವುದಿಲ್ಲ, ಅವನ ಟವೆಲ್ ಕಾಣುತ್ತದೆ, ನಿಧಾನಕ್ಕೆ ಕೆಂಪಾಗುತ್ತಿದೆ, ಹುಟ್ಟು ಎಳೆಯುತ್ತೇನೆ, ಟವೆಲ್, ಮತ್ತೆ ಎಳೆಯುತ್ತೇನೆ, ಅದರ ಗಂಟು, ಅವನು ಹಾಕಿದ ಗಂಟು