ಮಳೆ ಅಳೆದವಳು

ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗ ಹುಡುಗಿಯರಿಗೆಂದೇ ಹವಾಮಾನ ಸಂಸ್ಥೆಯವರು ಬೇಸಿಗೆ ರಜೆಯಲ್ಲಿ ಎಂಟು ವಾರಗಳ ಸಂಶೋಧನೆಗೆ ಕರೆದಿದ್ದರು. ಆಯ್ಕೆಯಾದ ಹನ್ನೆರಡು ಜನರಲ್ಲಿ ಲಾಂಡ್ರಿಯವಳ ಮಗಳೂ ಒಬ್ಬಳು. ಉಳಿದವರಿಗೆ ಬಲೂನು, ಉಪಗ್ರಹದ ಚಿತ್ರಗಳು ಸಿಕ್ಕವು. ಅವಳ ಪಾಲಿಗೆ ಬಂದದ್ದು ನೆಲಮಾಳಿಗೆಯ ಕೋಣೆ, ಗುಡ್ಡದ ಮೇಲೆ ಎಂದೋ ಮುಚ್ಚಿಹೋದ ಹವಾಮಾನ ಕೇಂದ್ರದ ಹಳೆಯ ಪುಸ್ತಕಗಳು. ಜೊತೆಯವರು ಅವಳಿಗೆ ಗೆದ್ದಲು ಎಂದು ಹೆಸರಿಟ್ಟರು. ಅವಳೂ ನಕ್ಕಳು.

ಆ ಗುಡ್ಡದ ಹೆಸರು ಅವಳಿಗೆ ಹೊಸದಲ್ಲ. ಅವಳ ಅಜ್ಜಿ ಆ ಕೇಂದ್ರದಲ್ಲೇ ಕಸ ಗುಡಿಸುತ್ತಿದ್ದಳು, ಅಲ್ಲೇ ಸತ್ತಳು. ನಲವತ್ತು ವರ್ಷದ ಹಿಂದೆ, ಬಿರುಮಳೆಯ ಒಂದು ಮಧ್ಯಾಹ್ನ, ಉಪಕರಣಗಳ ಬೇಲಿಯೊಳಗೆ ಸಿಡಿಲು ಬಡಿದು. ತಾಮ್ರದ ಮಳೆಮಾಪಕ ಕದಿಯಲು ಹೋಗಿದ್ದಳು ಎಂದು ಕಚೇರಿಯವರು ಬರೆದುಕೊಂಡರು. ಆಗ ಒಂಬತ್ತು ವರ್ಷದವಳಾಗಿದ್ದ ಅಮ್ಮ ಆ ಮಾತು ಹೊತ್ತುಕೊಂಡೇ ಬೆಳೆದಳು. ಮನೆಯಲ್ಲಿ ಅಜ್ಜಿಯ ಪಟವಿರಲಿಲ್ಲ. ಅವಳ ಸುದ್ದಿ ಬಂದರೆ ಅಮ್ಮ ಎದ್ದು ಹೋಗುತ್ತಿದ್ದಳು. ಹಾಗಾಗಿ ಮಗಳು ಮನೆಯಲ್ಲಿ ಈ ಪುಸ್ತಕಗಳ ಬಗ್ಗೆ ಬಾಯಿ ಬಿಡಲಿಲ್ಲ.

ದಿನಕ್ಕೆ ಮೂರು ಹೊತ್ತಿನ ಒತ್ತಡ, ಉಷ್ಣತೆ, ಗಾಳಿ, ಮಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ಕೆಲಸ. ಮೂರನೆಯ ವಾರ ಕೈಬರಹ ಬದಲಾಯಿತು. ದಿನವೂ ಅಂಕಿ ಬರೆದು ಸಹಿ ಹಾಕಬೇಕಿದ್ದ ವೀಕ್ಷಕನ ಬಳುಕುವ ಶಾಯಿ ಬರಹದ ನಡುನಡುವೆ, ಪೆನ್ಸಿಲಿನಿಂದ ಕೊರೆದಂತೆ ಒತ್ತಿ ಬರೆದ ಅಂಕಿಗಳು. ಒಂದು ಅಕ್ಷರವಿಲ್ಲ, ಸಹಿಯಿಲ್ಲ. ಅಂಚಿನಲ್ಲಿ ಯಾರೋ ಕೆಂಪಿನಲ್ಲಿ ‘ನಂಬಲರ್ಹವಲ್ಲ’ ಎಂದು ಗೀಚಿದ್ದರು.

ಅಂದಿನಿಂದ ಆ ಕೋಣೆಯಲ್ಲಿ ಅವಳು ಒಂಟಿಯಾಗಿರಲಿಲ್ಲ. ಸುಡುಬಿಸಿಲಿನ ದಿನಗಳಲ್ಲೂ ಒದ್ದೆ ಬಟ್ಟೆಯ ವಾಸನೆ. ಮಧ್ಯಾಹ್ನ ಎರಡೂವರೆಗೆ, ಅದು ಎರಡನೆಯ ವೀಕ್ಷಣೆಯ ಹೊತ್ತು, ಬೆನ್ನ ಹಿಂದೆ ಯಾರೋ ಬಂದು ನಿಂತು ಉಸಿರಾಡಿದಂತೆ. ಒಮ್ಮೆ ಆ ಉಸಿರು ತಟ್ಟನೆ ನಿಂತಿತು. ಅವಳು ಪರದೆ ನೋಡಿದಳು: ಮೂವತ್ತೈದರ ಬದಲು ಐವತ್ತಮೂರು ಒತ್ತಿದ್ದಳು. ಪುಟದ ಮೇಲಿನ ಆ ಐದನ್ನು ಆಗಲೇ ಸರಿಯಾಗಿ ನೋಡಿದ್ದು. ನೆತ್ತಿಯ ಗೆರೆ ಹೊಟ್ಟೆಗೆ ತಾಗದೆ ಬಿಡಿಯಾಗಿತ್ತು. ಲಾಂಡ್ರಿಯ ಬಟ್ಟೆಗಂಟುಗಳ ಚೀಟಿಯ ಮೇಲೆ ಅಮ್ಮ ಬರೆಯುವ ಐದು.

ಅವಳು ತಮ್ಮ ಸಂಶೋಧನೆ ನೋಡಿಕೊಳ್ಳುತ್ತಿದ್ದ ಪ್ರೊಫೆಸರ್ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮೇಡಂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗುಡ್ಡದ ಬುಡದ ಊರಿನ ದಾಖಲೆಗಳನ್ನು ತರಿಸಿಕೊಟ್ಟು ಹೋಲಿಸಲು ಹೇಳಿದರು. ಹತ್ತು ದಿನ ಹಿಡಿಯಿತು. ಕೆಳಗೆ ಕೊಡ ಸುರಿದಂತೆ ಮಳೆಯಾದ ದಿನ ಶಾಯಿಯವನು ಸೊನ್ನೆ ಬರೆದಿದ್ದ. ವಾರಗಟ್ಟಲೆ ಒಂದೇ ಉಷ್ಣತೆ. ಪೆನ್ಸಿಲಿನ ಅಂಕಿಗಳು ಮಾತ್ರ ಕೆಳಗಿನ ಅಂಕಿಗಳ ಜೊತೆಗೇ ಏರಿದ್ದವು, ಜೊತೆಗೇ ಇಳಿದಿದ್ದವು.

“ಸಹಿ ಹಾಕಿದವನು ಮನೇಲಿ ಕೂತು ಬರೆದಿದಾನೆ ನೋಡಮ್ಮ,” ಎಂದರು ಮೇಡಂ. “ಸಹಿ ಇಲ್ಲದವರು ಹೊರಗೆ ಹೋಗಿ ನೋಡಿದಾರೆ.”

ಶನಿವಾರ ಅವಳು ಅಮ್ಮನನ್ನು ಕರೆತಂದಳು. ಯಾವ ಪುಸ್ತಕ ಎಂದು ದಾರಿಯಲ್ಲಿ ಹೇಳಿದಾಗ ಅಮ್ಮ ಬಸ್ಸಿಳಿದುಬಿಡುವುದೊಂದು ಬಾಕಿ. ಆದರೂ ಬಂದಳು. ಸಿಡಿಲಿನ ದಿನದ ಪುಟ ತೆರೆದಿತ್ತು. ಎರಡೂವರೆಯ ಸಾಲಿನಲ್ಲಿ ಒತ್ತಡ ಮಾತ್ರ ಇತ್ತು, ಪೆನ್ಸಿಲಿನಲ್ಲಿ. ಒತ್ತಡಮಾಪಕ ಇದ್ದದ್ದು ಕೋಣೆಯೊಳಗೆ. ಮಿಕ್ಕದ್ದನ್ನೆಲ್ಲ ನೋಡಲು ಬೇಲಿಯೊಳಗೆ ಹೋಗಬೇಕಿತ್ತು. ಆ ಸಾಲಿನ ಮಿಕ್ಕ ಚೌಕಗಳು ಖಾಲಿ.

ಅಮ್ಮ ಬಹಳ ಹೊತ್ತು ಆ ಅಂಕಿಗಳನ್ನು ಸವರಿದಳು. ತನಗೆ ಒಲೆಯ ಮಸಿಯಿಂದ ನೆಲದ ಮೇಲೆ ಒಂದರಿಂದ ಒಂಬತ್ತು ತಿದ್ದಿಸಿದ್ದು ಅಜ್ಜಿಯೇ ಎಂದಳು. ಓದು ಬಾರದವಳಿಗೆ ಅದು ಎಲ್ಲಿಂದ ಬಂತೆಂದು ತಾನು ಕೇಳಲೇ ಇಲ್ಲವೆಂದಳು.

“ನಾನೂ ಅವಳನ್ನ ಕಳ್ಳಿ ಅಂತಾನೇ ನಂಬ್ಕೊಂಡೆ ಕಣೇ,” ಎಂದಳು. “ಹೆತ್ತವಳನ್ನ.”

ಮಗಳು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

ಎಂಟನೆಯ ವಾರ ಅವಳು ತನ್ನ ವರದಿ ಓದಿದಳು. ಸಂಸ್ಥೆ ಪೆನ್ಸಿಲಿನ ಅಂಕಿಗಳನ್ನು ದಾಖಲೆಗೆ ಸೇರಿಸಿಕೊಂಡಿತು. ವೀಕ್ಷಕರ ಪಟ್ಟಿಯಲ್ಲಿ ಅಜ್ಜಿಯ ಹೆಸರು ಬಂತು. ಕಳ್ಳತನದ ಮಾತು ಅಳಿಸಲು ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಅಮ್ಮ ಈಗ ಅಜ್ಜಿಯ ಮಾತು ಆಡುತ್ತಾಳೆ. ಗುಡುಗಿದಾಗ ಮಾತ್ರ ಮಾತು ನಿಲ್ಲಿಸಿ, ಬಾಗಿಲು ತೆರೆದು, ಯಾರನ್ನೋ ಒಳಗೆ ಕರೆಯುವವಳಂತೆ ಹೊರಗೇ ನೋಡುತ್ತ ನಿಂತುಬಿಡುತ್ತಾಳೆ.